ಬಿಸಿಲಿಗಿಟ್ಟ ಸೆಲ್ಲು

ಲಿಟಲ್ ಎಲ್ಮ್
7 ಸೆಪ್ಟೆಂಬರ್ 2025

ಪ್ರೀತಿಯ ತುಂಗಾ ಚಿಕ್ಕಿಗೆ,

ನಾನು ಸಿಯಾ. ಇದು ಕನ್ನಡ ಶಾಲೆಯ ಹೋಂವರ್ಕ್. ಟೀಚರ್ ಎಲ್ಲರಿಗೂ ಒಂದೊಂದು ಸ್ಟಾಂಪು ಕೊಟ್ಟು, ಬೇರೆ ಊರಿನಲ್ಲಿರುವ ನೆಂಟರಿಗೆ ಕನ್ನಡದಲ್ಲಿ ಕಾಗದ ಬರೆಯಿರಿ ಎಂದರು. ಹ್ಯೂಸ್ಟನ್ನಿನಲ್ಲಿ ನನಗೆ ಇರುವುದು ನೀನೊಬ್ಬಳೇ. ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ. ನೀನು ಹಾಗೆ ಮಾಡುತ್ತೀಯ ಎಂದು ಅಮ್ಮ ಹೇಳಿದಳು.

ಸ್ಕೂಲಿನಲ್ಲಿ ಸೆಲ್ ಪಾಠ ನಡೆಯುತ್ತಿದೆ. ಸೆಲ್ಲನ್ನು ಯಾವುದಕ್ಕಾದರೂ ಹೋಲಿಸಿ ಪ್ರಾಜೆಕ್ಟ್ ಮಾಡಬೇಕು. ಎಲ್ಲರೂ ಸಿಟಿ ಮಾಡುತ್ತಾರೆ, ಇಲ್ಲದಿದ್ದರೆ ಫ್ಯಾಕ್ಟರಿ. ನಾನು ನಮ್ಮ ಮನೆ ಮಾಡುತ್ತೇನೆ. ಹೇಗೆ ಹೇಳು.

ಇನ್ನೊಂದು ವಿಷಯ. ಆಟದ ಪೀರಿಯಡ್ಡಿನಲ್ಲಿ ಓಡುವಾಗ ಬಿದ್ದೆ. ಕಾಲು ನನ್ನ ಮಾತು ಕೇಳಲಿಲ್ಲ. ಮನೆಗೆ ಬಂದು ಸೋಫಾದಲ್ಲಿ ಮಲಗಿದ್ದಕ್ಕೆ ಅಜ್ಜಿ, “ಬರೀ ಮೈಗಳ್ಳಿ ಇವಳು. ಮೊಮ್ಮಗಳಲ್ಲ, ಮಹಾರಾಣಿ” ಎಂದರು. ಮೈ ಎಂದರೆ ಬಾಡಿ, ಕಳ್ಳಿ ಎಂದರೆ ಥೀಫ್. ನಾನು ಯಾರ ಬಾಡಿ ಕದ್ದೆ?

ಡಾಕ್ಟರು ರಕ್ತ ತೆಗೆದರು. ನನ್ನ ಸೆಲ್ಲುಗಳು ಸರಿಯಾಗಿ ಎನರ್ಜಿ ಮಾಡುತ್ತಿಲ್ಲವೋ ಏನೋ, ನೋಡಬೇಕು ಎಂದರು. ಅಪ್ಪ ಅಜ್ಜಿಗೆ “ಸೆಲ್ ವೀಕ್ ಅಂತೆ ಅಮ್ಮಾ” ಎಂದ. ಅಜ್ಜಿ ಒಳಗೆ ಹೋಗಿ ಟಾರ್ಚು ತಂದು, “ಇಷ್ಟಕ್ಕೆ ಆಸ್ಪತ್ರೆನಾ? ನಾವು ವೀಕ್ ಆದ ಸೆಲ್ಲನ್ನ ಬಿಸಿಲಿಗಿಡ್ತಿದ್ವಿ. ಇನ್ನೊಂದಷ್ಟು ದಿನ ಬರ್ತಿತ್ತು” ಎಂದರು. ನಾವೆಲ್ಲ ನಕ್ಕೆವು. ಅಜ್ಜಿಗೆ ಕೋಪ ಬಂತು. ಮೂರೂ ಹೊತ್ತು ಟಾರ್ಚನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದಾರೆ.

ನಿನ್ನ
ಸಿಯಾ


ಹ್ಯೂಸ್ಟನ್
14 ಸೆಪ್ಟೆಂಬರ್ 2025

ಸಿಯಾ ಮರಿ,

ಕೆಂಪು ಪೆನ್ನು ಡ್ರಾಯರಿನಲ್ಲೇ ಇದೆ. ನಿನ್ನ ಕಾಗದದಲ್ಲಿ ತಿದ್ದುವಂಥದ್ದೇನೂ ಸಿಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಜೀವವಿಜ್ಞಾನ ಓದಿದವಳಲ್ಲ. ಇಲ್ಲಿ ಓದುತ್ತಿರುವುದು ರಸ್ತೆ, ಸೇತುವೆಗಳ ಎಂಜಿನಿಯರಿಂಗ್. ಆದರೆ ದಾವಣಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೆ ಕೆಲವರು ಪ್ಲಾಸ್ಟಿಕ್ ಹಾಳೆ ಹಾಸಿ, ವಿಜ್ಞಾನದ ತೆಳು ತೆಳು ಪುಸ್ತಿಕೆಗಳನ್ನು ಮಾರುತ್ತಿದ್ದರು. ಗ್ರಹಣ, ಹಾವು, ಬಾಣಂತಿ ಆರೈಕೆ, ಜೀವಕೋಶ. ಹೈಸ್ಕೂಲು ಮುಗಿಯುವುದರೊಳಗೆ ಅಷ್ಟನ್ನೂ ಓದಿದ್ದೆ. ತಿಳಿವಳಿಕೆಗೆ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ಕಲಿತದ್ದು ಆ ಹಾಳೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು. ಅದಕ್ಕೆ ನಿನಗೊಂದು ಮಾತು ಕೊಡುತ್ತೇನೆ. ನೀನು ಏನೇ ಕೇಳು, ನಾನು ಸುಳ್ಳು ಬರೆಯುವುದಿಲ್ಲ. ಮಕ್ಕಳಿಗೆ ಇಷ್ಟು ಸಾಕು ಎಂದು ಅರ್ಧಕ್ಕೆ ನಿಲ್ಲಿಸುವುದೂ ಇಲ್ಲ.

ಈಗ ಮನೆ. ನಿಮ್ಮ ಬಡಾವಣೆಯ ಗೇಟು ಇದೆಯಲ್ಲ, ಕೋಡ್ ಒತ್ತಿದವರಿಗೆ ಮಾತ್ರ ತೆರೆದುಕೊಳ್ಳುವುದು, ಅದು ಕೋಶಪೊರೆ. ಗೋಡೆ ಹೌದು, ಆದರೆ ಯಾರನ್ನು ಬಿಡಬೇಕು ಎಂದು ತಿಳಿದಿರುವ ಗೋಡೆ. ಕೋಶಕೇಂದ್ರ ಯಾರು ಗೊತ್ತೆ? ಶಾರದಮ್ಮಜ್ಜಿ. ಕುರ್ಚಿ ಬಿಟ್ಟು ಏಳುವುದಿಲ್ಲ, ಆದರೆ ಸಾರಿಗೆ ಎಷ್ಟು ಹುಣಸೆಹಣ್ಣು ಎನ್ನುವುದು ಅವರ ಬಾಯಿಂದಲೇ ಬರಬೇಕು. “ಅಮ್ಮಾ, ಅಜ್ಜಿ ಇನ್ನೊಂಚೂರು ಇಂಗು ಅಂದ್ರು” ಎಂದು ಸುದ್ದಿ ಒಯ್ಯುತ್ತೀಯಲ್ಲ, ಆಗ ನೀನು ಆರ್‌ಎನ್‌ಎ. ಚಕ್ಕುಲಿ ಒರಳು ರೈಬೋಸೋಮು. ಹೇಳಿಕೆ ಬಂದ ಹಾಗೆ ಹಿಟ್ಟಿಗೆ ರೂಪ ಕೊಡುತ್ತದೆ. ಸಾರಿನ ಪುಡಿಯನ್ನು ಕವರಿಗೆ ತುಂಬಿ, ಗಾಳಿ ತೆಗೆದು, ಮೇಲೆ ‘ತುಂಗಿಗೆ’ ಎಂದು ಬರೆಯುವ ನಿನ್ನ ಅಮ್ಮ ಗಾಲ್ಜಿ. ಸಿಂಕಿನ ಕೆಳಗೆ ಗರಗರ ಎಂದು ಮುಸುರೆ ಅರೆಯುವ ಯಂತ್ರ ಲೈಸೋಸೋಮು. ಇಷ್ಟಕ್ಕೂ ಬೆಂಕಿ ಕೊಡುವ ಒಲೆ ಮೈಟೋಕಾಂಡ್ರಿಯ.

ಮೈಗಳ್ಳಿ ಎಂದರೆ ಕೆಲಸಕ್ಕೆ ಮೈ ಕೊಡದವಳು, ತನ್ನ ಮೈಯನ್ನು ತಾನೇ ಕದ್ದಿಟ್ಟುಕೊಂಡವಳು. ನೀನು ನೋಡದ ನಿನ್ನ ಇನ್ನೊಬ್ಬ ಅಜ್ಜಿ, ನಮ್ಮವ್ವ, ಅವಳಿಗೂ ನಮ್ಮ ಮನೆಯಲ್ಲಿ ಆ ಹೆಸರಿತ್ತು. ನನಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ. ಮತ್ತೆ ಅಂದರೆ ನನ್ನ ಹೆಸರು ಹೇಳಿ ಜಗಳ ಆಡು.

ನಿನ್ನ ಚಿಕ್ಕಿ
ತುಂಗಾ


ಲಿಟಲ್ ಎಲ್ಮ್
5 ಅಕ್ಟೋಬರ್ 2025

ಪ್ರೀತಿಯ ಚಿಕ್ಕಿಗೆ,

ನನ್ನ ಮನೆ ಎಲ್ಲರ ಸಿಟಿಗಿಂತ ಚೆನ್ನಾಗಿ ಬಂತು. ಶೂ ಡಬ್ಬದಲ್ಲಿ ಮಾಡಿದೆ. ಅಜ್ಜಿಯ ಫೋಟೋ ಕತ್ತರಿಸಿ ನಡುವೆ ಅಂಟಿಸಿದೆ. “ನೀವು ನ್ಯೂಕ್ಲಿಯಸ್, ಕೋಶಕೇಂದ್ರ” ಎಂದು ನಾನು ಅಂದಾಗ ಅಜ್ಜಿ “ಅಂದ್ರೆ?” ಎಂದರು. ಎಲ್ಲ ಆರ್ಡರ್ ಮಾಡೋರು ಅಂದೆ. “ಇನ್ನೇನು ಮತ್ತೆ, ಮಾಡದಿದ್ರೆ ನಿಮ್ಮಮ್ಮ ಸಾರಿಗೆ ಟೊಮೆಟೊ ಸಾಸ್ ಹಾಕ್ತಾಳೆ” ಎಂದರು. ಒಳಗೊಳಗೆ ಖುಷಿಯಾಗಿದೆ. ಬಂದವರಿಗೆಲ್ಲ ಆ ಡಬ್ಬ ತೋರಿಸುತ್ತಾರೆ.

ನಾನು ಮತ್ತೆ ಬಿದ್ದೆ. ಈ ಸಲ ಮೆಟ್ಟಿಲಿನಲ್ಲಿ. ತಲೆ ನೋವು ಬಂದು ವಾಂತಿಯಾಯಿತು. ಡಾಲಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಎರಡು ದಿನ ಇದ್ದೆ. ಬಲಗಿವಿ ಸ್ವಲ್ಪ ಕೇಳುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು. ಡಾಕ್ಟರು ಮೈಟೋಕಾಂಡ್ರಿಯ ಎಂದರು. ನಾನು ತಕ್ಷಣ ಒಲೆ ಎಂದೆ! ಕನ್ನಡದಲ್ಲಿ ಅಂದೆ, ಅವರಿಗೆ ಅರ್ಥವಾಗಲಿಲ್ಲ. ಅಮ್ಮ ನಗಲಿಲ್ಲ.

ನಮ್ಮ ಮನೆಯ ಒಲೆ ಚೆನ್ನಾಗಿದೆ. ನನ್ನ ಒಲೆಗೆ ಏನಾಗಿದೆ? ಅದು ಎಲ್ಲಿಂದ ಬಂತು? ಅರ್ಧಕ್ಕೆ ನಿಲ್ಲಿಸಬೇಡ.

ನಿನ್ನ
ಸಿಯಾ


ಹ್ಯೂಸ್ಟನ್
12 ಅಕ್ಟೋಬರ್ 2025

ಸಿಯಾ ಮರಿ,

ನಿಲ್ಲಿಸುವುದಿಲ್ಲ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಬಿಸಿ ಮರಳಿಗೆ ಅಕ್ಕಿ ಸುರಿದರೆ ಕ್ಷಣದಲ್ಲಿ ಅರಳಿ ಬೆಳ್ಳಗಾಗುತ್ತದೆ. ನಮ್ಮ ತಾತನದೂ ಒಂದು ಭಟ್ಟಿ ಇತ್ತು. ಮೈಟೋಕಾಂಡ್ರಿಯ ಎಂದರೆ ಅಂಥ ಭಟ್ಟಿ. ಒಂದೊಂದು ಜೀವಕೋಶದಲ್ಲೂ ನೂರಾರು ಭಟ್ಟಿಗಳು. ನೀನು ತಿಂದ ಅನ್ನ, ಎಳೆದುಕೊಂಡ ಉಸಿರು, ಎರಡೂ ಅಲ್ಲಿ ಸೇರಿದರೆ ಶಕ್ತಿ, ಅದೇ ಮೈಯ ಕರೆಂಟು. ಕೆಲವು ಭಟ್ಟಿ ಸರಿಯಾಗಿ ಉರಿಯದಿದ್ದರೆ ಕರೆಂಟು ಸಾಲದು. ಆಗ ಏನು ಮಾಡುತ್ತಾರೆ?

ನೀನು ಚಿಕ್ಕವಳಿದ್ದಾಗ ಟೆಕ್ಸಸ್ಸಿನಲ್ಲೆಲ್ಲ ಹಿಮ ಬಿದ್ದು ಕರೆಂಟು ಹೋಗಿತ್ತಲ್ಲ, ಮನೆಯವರೆಲ್ಲ ಒಂದೇ ರೂಮಿನಲ್ಲಿ ರಜಾಯಿ ಹೊದ್ದು ಮಲಗಿದ್ದಿರಿ. ಆಸ್ಪತ್ರೆ ಇರುವ ಬೀದಿಗೆ ಮಾತ್ರ ದೀಪ ಇತ್ತೆಂದು ನೀನೇ ಹೇಳಿದ್ದೆ. ನಮ್ಮೂರಿನಲ್ಲಿ ಇದಕ್ಕೆ ಲೋಡ್ ಶೆಡ್ಡಿಂಗ್ ಅನ್ನುತ್ತೇವೆ. ಕರೆಂಟು ಕಡಿಮೆಯಾದಾಗ ಹೃದಯದ ಬೀದಿಗೆ ಮೊದಲು ಕೊಡಬೇಕು. ಅದಕ್ಕೆ ನಿನ್ನ ಮೈ ಕಾಲಿನ ಬೀದಿಯ ದೀಪ ಆರಿಸಿತು. ನಿನ್ನ ಕಾಲು ಸೋಮಾರಿಯಲ್ಲ, ಕಂದಾ. ಹೃದಯಕ್ಕೆ ದಾರಿ ಬಿಟ್ಟಿತು.

ಎಲ್ಲಿಂದ ಬಂತು ಎಂದು ಕೇಳಿದೆ. ಇದು ನನಗೆ ತುಂಬ ಇಷ್ಟವಾದ ಸಂಗತಿ! ನಿನ್ನ ಕಣ್ಣು, ಮೂಗು, ಎತ್ತರ ಅಪ್ಪ ಅಮ್ಮ ಇಬ್ಬರಿಂದ ಬಂದವು. ಮೈಟೋಕಾಂಡ್ರಿಯ ಹಾಗಲ್ಲ, ಅಮ್ಮನಿಂದ ಮಾತ್ರ ಬರುತ್ತದೆ. ನಿನಗೆ ನಿನ್ನ ಅಮ್ಮನಿಂದ, ಅವಳಿಗೆ ನಮ್ಮವ್ವನಿಂದ, ಅವ್ವನಿಗೆ ಅವಳ ಅವ್ವನಿಂದ. ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಹಾಕಿಕೊಂಡು ಮೆರೆಯುವ ಈ ಲೋಕದಲ್ಲಿ, ಹೆಂಗಸರು ಮಾತ್ರ ದಾಟಿಸುತ್ತ ಬಂದ ಬೆಂಕಿ ಅದು. ಗಂಡುಮಕ್ಕಳಿಗೂ ಸಿಗುತ್ತದೆ, ಆದರೆ ಅವರು ಮುಂದಕ್ಕೆ ಕೊಡಲಾರರು. ಇದನ್ನು ಜೋರಾಗಿ ಓದಿ ನಿಮ್ಮಪ್ಪನಿಗೆ ಹೇಳು.

ನಿನ್ನ ಚಿಕ್ಕಿ
ತುಂಗಾ


ಲಿಟಲ್ ಎಲ್ಮ್
2 ನವೆಂಬರ್ 2025

ತುಂಗಿ,

ಫೋನ್ ಮಾಡಿದರೆ ಕೂಗಾಡಿಬಿಡುತ್ತೇನೆ ಎಂದು ಬರೆಯುತ್ತಿದ್ದೇನೆ.

ಸಿಯಾ ನಿನ್ನ ಕಾಗದವನ್ನು ಜೋರಾಗಿಯೇ ಓದಿದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಅತ್ತೆ ಬೀನ್ಸ್ ಬಿಡಿಸುತ್ತಿದ್ದರು. ಆ ವಾರವೇ ಜೀನ್ ಪರೀಕ್ಷೆಯ ಫಲಿತಾಂಶ ಬಂದಿತ್ತು. ಡಾಲಸ್ಸಿನ ಡಾಕ್ಟರು ಅರ್ಧ ಗಂಟೆ ಕೂತು, ಇದು ತಾಯಿಯ ಕಡೆಯಿಂದ ಬರುವ ದೋಷ, ಮುಂದೆ ಕಣ್ಣು, ಕಿವಿ, ಮೆದುಳು ಯಾವುದಕ್ಕಾದರೂ ತಗಲಬಹುದು ಎಂದು ಇಂಗ್ಲಿಷಿನಲ್ಲಿ ವಿವರಿಸಿದ್ದರು. ನಾನು ತಲೆ ಆಡಿಸಿ ಥ್ಯಾಂಕ್ಯೂ ಹೇಳಿ ಎದ್ದು ಬಂದಿದ್ದೆ. ದಿನವೂ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವವಳು ನಾನು, ಆದರೂ ಅವತ್ತು ಕೇಳಿಸಲಿಲ್ಲ. ‘ನಿನಗೆ ನಿನ್ನ ಅಮ್ಮನಿಂದ’ ಎಂದು ನನ್ನ ಮಗಳ ಬಾಯಿಂದ, ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಾಗ ಕೇಳಿಸಿತು.

ಅತ್ತೆ ಬೀನ್ಸ್ ಕೆಳಗಿಟ್ಟು, “ಹಾಗಾದ್ರೆ ಇದು ನಿಮ್ಮ ಕಡೆಯಿಂದಾನಾ ಶ್ರಾವಣಿ?” ಎಂದರು. ಕೊಂಕಿರಲಿಲ್ಲ. ಸುಮ್ಮನೆ ಕೇಳಿದರು. ಕೊಂಕು ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಅವ್ವನ ನೆನಪಾಗುತ್ತಿದೆ. ಸಕ್ಕರೆ ಕಾಯಿಲೆ, ಮಂದ ಕಿವಿ, ಭಟ್ಟಿಗೆ ಬುತ್ತಿ ಒಯ್ಯುವಾಗ ದಾರಿಯಲ್ಲಿ ಮೂರು ಕಡೆ ಕೂರುತ್ತಿದ್ದದ್ದು. “ಮೈಗಳ್ಳಿ ಬಂದ್ಲು ನೋಡವಾ, ಊಟ ಹೊತ್ಕೊಂಡು, ತಣ್ಣಗೆ ಆರಿಸ್ಕೊಂಡು” ಎಂದು ಸೋದರತ್ತೆ ಭಟ್ಟಿಯ ಬಾಗಿಲಲ್ಲೇ ಕೂಗುತ್ತಿದ್ದದ್ದು. ನಲವತ್ತೆರಡಕ್ಕೆ ಹೋದಳು. ಯಾತರಿಂದ ಎಂದು ಯಾರೂ ಕೇಳಲಿಲ್ಲ.

ಹೆಂಗಸರು ದಾಟಿಸಿದ ಬೆಂಕಿ ಎಂದು ಬರೆದಿದ್ದೀಯ. ನಾನು ದಾಟಿಸಿದ್ದು ಏನೆಂದು ಈಗ ಗೊತ್ತಾಯಿತಲ್ಲ. ಸದ್ಯಕ್ಕೆ ಅವಳಿಗೆ ಬರೆಯಬೇಡ. ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ. ನೀನೂ ಅವ್ವನ ಮಗಳೇ.

ಶ್ರಾವಣಿ


ಹ್ಯೂಸ್ಟನ್
9 ನವೆಂಬರ್ 2025

ಅಕ್ಕ,

ನಾನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಇದನ್ನು ಹತ್ತು ಸಲ ಹೇಳಿಕೊಂಡೆ. ಮಗುವಿನ ಮೈಯಲ್ಲಿ ಏನಾಗುತ್ತಿದೆ ಎಂದು ತಿಳಿಯುವ ಹಕ್ಕು ಮೊದಲು ಮಗುವಿಗೇ ಇದೆ, ಮುಚ್ಚಿಟ್ಟ ಮನೆಗಳಲ್ಲೇ ಅವ್ವನಂಥವರು ಹೆಸರು ಕೆಡಿಸಿಕೊಂಡು ಹೋಗುತ್ತಾರೆ. ಇದನ್ನೂ ಹೇಳಿಕೊಂಡೆ.

ಆದರೆ ಬರೆಯುವಾಗ ನಾನು ಲೋಕಕ್ಕೆ ಬರೆಯುತ್ತಿದ್ದೆ. ನೀನು ಚಪಾತಿ ಲಟ್ಟಿಸುತ್ತ ನಿಂತಿರುತ್ತೀಯ ಎಂದು ಹೊಳೆಯಲಿಲ್ಲ. ಅದೇ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದೂ ಹೊಳೆಯಲಿಲ್ಲ.

ನೀನು ಹೇಳುವವರೆಗೆ ಅವಳಿಗೆ ಬರೆಯುವುದಿಲ್ಲ.

ತುಂಗಾ


ಲಿಟಲ್ ಎಲ್ಮ್
18 ಜನವರಿ 2026

ತುಂಗಿ,

ಈಗ ನೀನು ಬರೆಯಬೇಕು.

ಡಿಸೆಂಬರಿನಿಂದ ಸಿಯಾ ಬದಲಾಗಿದ್ದಾಳೆ. ಸುಸ್ತಾ ಎಂದು ಕೇಳಿದರೆ ಇಲ್ಲ ಅನ್ನುತ್ತಾಳೆ. ತುಟಿ ಬಿಳುಚಿಕೊಂಡು, ರೆಪ್ಪೆ ಅರ್ಧ ಜೋತುಬಿದ್ದಿರುತ್ತದೆ, ಆದರೂ ಇಲ್ಲ. ಮೊನ್ನೆ ಸಂಕ್ರಾಂತಿಗೆ ಯೂಲೆಸ್ಸಿನ ಗೆಳತಿಯರ ಮನೆಗೆ ಎಳ್ಳು ಬೀರಲು ಹೋಗಿದ್ದೆವು. ಇವಳು ಎದ್ದು ತಟ್ಟೆ ಹಿಡಿಯಲಿಲ್ಲ. ಒಬ್ಬ ಆಂಟಿ, “ಯಾಕೆ ಪುಟ್ಟಾ, ಹುಷಾರಿಲ್ವಾ?” ಎಂದರು. ಇವಳು ನಗುತ್ತ, “ಹುಷಾರಾಗಿದೀನಿ ಆಂಟಿ. ಐ ಆಮ್ ಜಸ್ಟ್ ಮೈಗಳ್ಳಿ” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಕಾರಿನಲ್ಲಿ ಕೇಳಿದೆ, ಯಾಕೆ ಹಾಗಂದೆ ಎಂದು. “ಸುಸ್ತು ಅಂದ್ರೆ ಅದು ಮೈಟೋಕಾಂಡ್ರಿಯ. ಮೈಟೋಕಾಂಡ್ರಿಯ ಅಂದ್ರೆ ನೀನು ಅಳ್ತೀಯ. ಮೈಗಳ್ಳಿ ಅಂದ್ರೆ ನನ್ ತಪ್ಪು, ಅಷ್ಟೆ” ಎಂದಳು.

ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟೆ. ತುಂಗಿ, ಈ ಮಗು ಆ ಪದವನ್ನು ತಾನೇ ಎತ್ತಿ ತಲೆಯ ಮೇಲೆ ಹಾಕಿಕೊಂಡಿದೆ, ನನಗಾಗಿ. ಎಲ್ಲಿ ನೋವು ಎಂದು ಇವಳು ಹೇಳದಿದ್ದರೆ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಮುಚ್ಚಿಟ್ಟುಕೊಂಡೇ ಏನಾದರೂ ಆಗಿಹೋದರೆ? ನನ್ನ ಮಾತನ್ನು ನಂಬುವುದಿಲ್ಲ. ಚಿಕ್ಕಿ ಸುಳ್ಳು ಬರೆಯುವುದಿಲ್ಲ ಅನ್ನುತ್ತಾಳೆ.

ಅವಳದೊಂದು ಪ್ರಶ್ನೆ ಇದೆ. ನನ್ನ ಒಲೆ ಮತ್ತೆ ಹತ್ತುತ್ತಾ ಎಂದು. ನೀನು ಬರೆ. ನಾನು ಮೊದಲು ಓದುತ್ತೇನೆ.

ಶ್ರಾವಣಿ


ರೌಂಡ್ ರಾಕ್
8 ಫೆಬ್ರವರಿ 2026

ಸಿಯಾ ಮರಿ,

ನಾನೀಗ ಆಸ್ಟಿನ್ನಿನ ಪಕ್ಕದಲ್ಲಿದ್ದೇನೆ, ಇಂಟರ್ನ್‌ಶಿಪ್ಪಿಗೆ. ಈ ಕಾಗದ ತಡವಾದದ್ದು ಒಂದು ಫಲಿತಾಂಶಕ್ಕೆ ಕಾದಿದ್ದರಿಂದ. ಇಲ್ಲಿನ ಆಸ್ಪತ್ರೆಯಲ್ಲಿ ನಾನೂ ಪರೀಕ್ಷೆ ಮಾಡಿಸಿಕೊಂಡೆ. ನಿನ್ನಲ್ಲಿ ಇರುವುದೇ ನನ್ನಲ್ಲೂ ಇದೆ. ಸ್ವಲ್ಪ ಕಡಿಮೆ ಇದೆ.

ಅಕ್ಕ, ಇದನ್ನು ನೀನು ಮೊದಲು ಓದುತ್ತೀ ಎಂದು ಗೊತ್ತು. ಓದು. ಆಮೇಲೆ ಅವಳ ಕೈಗೆ ಕೊಡಬೇಡ, ಅವಳ ಪಕ್ಕ ಕೂತು ನೀನೇ ಓದಿ ಹೇಳು, ಎಡಗಿವಿಯ ಕಡೆ ಕೂತುಕೋ. ಯಾವ ಸಾಲನ್ನೂ ಬಿಡಬೇಡ.

ಸಿಯಾ, ಹೋದ ಸಲ ನಾನು ಅರ್ಧಕ್ಕೆ ನಿಲ್ಲಿಸಿದ್ದೆ. ಎಲ್ಲಿಂದ ಬಂತು ಎಂದು ಬರೆದೆ, ಹೇಗೆ ಬಂತು ಎಂದು ಬರೆಯಲಿಲ್ಲ. ತಾತನ ಭಟ್ಟಿಯಲ್ಲಿ ದೊಡ್ಡ ದೊಡ್ಡ ಚೀಲಗಳಲ್ಲಿ ಮಂಡಕ್ಕಿ ತುಂಬಿರುತ್ತಿತ್ತು. ಎಷ್ಟೇ ಹುಷಾರಾಗಿ ಹುರಿದರೂ ಅಲ್ಲೊಂದು ಇಲ್ಲೊಂದು ಅರಳದ ಕಾಳು ಇದ್ದೇ ಇರುತ್ತದೆ. ಸಂಜೆ ಅವ್ವ ಚೀಲಕ್ಕೆ ಕೈ ಹಾಕಿ ನಮಗಿಬ್ಬರಿಗೂ ಒಂದೊಂದು ಹಿಡಿ ಕೊಡುತ್ತಿದ್ದಳು. ಅಕ್ಕನ ಹಿಡಿಯಲ್ಲಿ ಒಂದಿಷ್ಟು ಅರಳದ ಕಾಳು, ನನ್ನ ಹಿಡಿಯಲ್ಲಿ ಒಂದಿಷ್ಟು. ಅವ್ವ ನೋಡಿ ಆರಿಸಿ ಕೊಟ್ಟಳೆ? ಇಲ್ಲ. ಕೈಗೆ ಬಂದದ್ದನ್ನು ಪ್ರೀತಿಯಿಂದ ಕೊಟ್ಟಳು. ನಿನ್ನ ಅಮ್ಮನೂ ಹಾಗೆಯೇ ಚೀಲಕ್ಕೆ ಕೈ ಹಾಕಿದಳು, ಕತ್ತಲಲ್ಲಿ, ನೀನು ಇನ್ನೂ ಹುಟ್ಟುವ ಮೊದಲು. ನಿನ್ನ ಹಿಡಿಗೆ ಅರಳದ ಕಾಳು ಹೆಚ್ಚು ಬಿದ್ದವು. ಇದರಲ್ಲಿ ಕಳ್ಳರು ಯಾರೂ ಇಲ್ಲ. ಅಮ್ಮ ಅಲ್ಲ, ಅವ್ವ ಅಲ್ಲ, ನೀನಂತೂ ಅಲ್ಲ.

ನಿನ್ನ ಒಲೆ ಮತ್ತೆ ಹತ್ತುತ್ತದೆಯೇ?

ಇಲ್ಲ, ಕಂದಾ. ಅರಳದ ಕಾಳನ್ನು ಅರಳಿಸುವ ಔಷಧ ಇವತ್ತಿಗೆ ಇಲ್ಲ. ಹುಡುಕುತ್ತಿದ್ದಾರೆ. ಸಿಗುತ್ತದೆ ಎಂದು ನಾನು ಹೇಳಲಾರೆ, ನಿನಗೆ ಮಾತು ಕೊಟ್ಟಿದ್ದೇನೆ. ಈ ಸಾಲು ಬರೆಯಲು ನನಗೆ ಮೂರು ದಿನ ಹಿಡಿಯಿತು. ಸತ್ಯ ಹೇಳುವುದು ಸುಲಭ ಎಂದುಕೊಂಡಿದ್ದೆ, ನಾನು ಓದಿದ ಪುಸ್ತಿಕೆಗಳಲ್ಲಿ ಅದು ಅಷ್ಟು ಸುಲಭವಾಗಿತ್ತು.

ಇನ್ನೊಂದು ಸತ್ಯ ಇದೆ, ಅದನ್ನೂ ಕೇಳು. ಸುಸ್ತಿಲ್ಲ ಎಂದು ನಟಿಸುವುದಕ್ಕೂ ಕರೆಂಟು ಬೇಕು. ನಗುವುದಕ್ಕೆ, ರೆಪ್ಪೆ ಎತ್ತಿ ಹಿಡಿಯುವುದಕ್ಕೆ, ಅಮ್ಮನಿಂದ ಮುಚ್ಚಿಡುವುದಕ್ಕೆ, ಎಲ್ಲಕ್ಕೂ ಬೇಕು. ನಿನ್ನಲ್ಲಿ ಇರುವುದೇ ಸ್ವಲ್ಪ. ಅದನ್ನು ಇದಕ್ಕೆ ಸುಡಬೇಡ. ಅವ್ವ ನನ್ನ ಕೈಲಾಗದು ಎಂದು ಒಂದು ದಿನವೂ ಅನ್ನಲಿಲ್ಲ. ನಮಗೆ ಭಯವಾಗಬಾರದೆಂದು ಅವಳೂ ಆ ಹೆಸರನ್ನು ಇಟ್ಟುಕೊಂಡಳೋ ಏನೋ, ನಿನ್ನ ಕಥೆ ಕೇಳಿದಂದಿನಿಂದ ನನಗೆ ಹಾಗನ್ನಿಸುತ್ತಿದೆ. ಅವಳು ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ನಾವು ಬುತ್ತಿ ಹೊತ್ತುಕೊಳ್ಳುತ್ತಿದ್ದೆವು. ಅಷ್ಟಾದರೂ ಮಾಡುತ್ತಿದ್ದೆವು.

ನೀನು ಹೇಳು. ಅಮ್ಮ ಅತ್ತರೆ ಅಳಲಿ. ಅವಳ ಒಲೆಗಳಲ್ಲಿ ಅಷ್ಟು ಬೆಂಕಿ ಇದೆ.

ನಿನ್ನ ಚಿಕ್ಕಿ
ತುಂಗಾ


ಲಿಟಲ್ ಎಲ್ಮ್
12 ಏಪ್ರಿಲ್ 2026

ಚಿ. ತುಂಗಾಳಿಗೆ ಶಾರದಮ್ಮನ ಆಶೀರ್ವಾದಗಳು.

ಸಿಯಾ ಹೇಳುತ್ತಾಳೆ, ನಾನು ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ಅವಳಿಗೆ ಲಕ್ವ ಹೊಡೆದ ಹಾಗೆ ಆದದ್ದು ನಿನಗೆ ಗೊತ್ತೇ ಇದೆ. ನೀನು ಬಂದು ಹೋದ ಮೇಲೂ ಅವಳ ಬಲಗೈ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಅದಕ್ಕೆ ನ್ಯೂಕ್ಲಿಯಸ್ಸೇ ಬರೆಯಲಿ ಎಂದು ಅಪ್ಪಣೆಯಾಗಿದೆ. ಅವಳು ಹೇಳಿದ್ದು ಇದು:

“ಚಿಕ್ಕಿ, ಕನ್ನಡ ಶಾಲೆಯಲ್ಲಿ ನನ್ನ ಕಾಗದಗಳಿಗೆ ಫಸ್ಟ್ ಪ್ರೈಜ಼್ ಕೊಟ್ಟರು. ನಿನ್ನ ಕಾಗದ ತೋರಿಸಲಿಲ್ಲ, ಅದು ನಮ್ಮದು. ಇವತ್ತು ಕಾಲಿನ ಬೀದಿ ಆಫ್. ಕೈಯ ಬೀದಿ ಅರ್ಧ. ಬಾಯಿ ಬೀದಿ ಆನ್ ಇದೆ, ಅಜ್ಜಿಗೆ ಅದೇ ತೊಂದರೆ.”

ಇಷ್ಟು ಹೇಳುವಷ್ಟರಲ್ಲಿ ನಿದ್ದೆ ಹೋಗಿದ್ದಾಳೆ. ಇನ್ನು ಮುಂದಿನದು ನನ್ನದೇ.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದಾಗ ಶ್ರಾವಣಿ ಒಬ್ಬಳೇ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಮಗಳ ಎಡಗಡೆ ಕೂತು ಓದಿದಳು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ‘ಇಲ್ಲ, ಕಂದಾ’ ಅನ್ನುವ ಸಾಲನ್ನೂ ಬಿಡದೆ ಓದಿದಳು. ಮುಗಿದ ಮೇಲೆ ಮಗು, “ಅಮ್ಮಾ, ನಂಗೆ ತುಂಬಾ ಸುಸ್ತು” ಎಂದಿತು. ತಿಂಗಳುಗಟ್ಟಲೆ ಆದ ಮೇಲೆ ಆಡಿದ ಮಾತು. ಶ್ರಾವಣಿ ಅವಳನ್ನು ಮಡಿಲಿಗೆ ಎಳೆದುಕೊಂಡು, “ಗೊತ್ತು ಬಂಗಾರ, ಹೇಳು, ಎಲ್ಲೆಲ್ಲಿ ಹೇಳು” ಎಂದಳು. ತಾಯಿ ಮಗಳು ಇಬ್ಬರೂ ಅತ್ತರು. ಅವತ್ತಿನಿಂದ ಮಗು ಏನನ್ನೂ ಮುಚ್ಚಿಡುತ್ತಿಲ್ಲ.

ಆ ಪದವನ್ನು ನಾನು ಬಿಟ್ಟಿದ್ದೇನೆ. ಈ ವಯಸ್ಸಿನಲ್ಲಿ ನಾಲಿಗೆಗೆ ಅಂಟಿದ್ದು ಸುಲಭಕ್ಕೆ ಹೋಗುವುದಿಲ್ಲ. ಹೋದ ವಾರ ಬೆಕ್ಕಿಗೆ ಅಂದುಬಿಟ್ಟೆ. “ಅಜ್ಜಿ, ಅದರ ಒಲೆ ಹೇಗಿದೆಯೋ ನಿಮಗೇನು ಗೊತ್ತು?” ಎಂದಳು.

ಡಾಕ್ಟರು ಎಷ್ಟು ದಿನ ಎಂದು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಒಂದು ವಿಷಯ ನಿನಗೆ ಮಾತ್ರ ಬರೆಯುತ್ತೇನೆ. ನೀನು ಓದಿದವಳು, ನಗಬೇಡ. ಆ ಸೆಲ್ಲೇ ಬೇರೆ, ಈ ಸೆಲ್ಲೇ ಬೇರೆ ಎಂದು ನನಗೆ ಈಗ ಚೆನ್ನಾಗಿ ಗೊತ್ತು. ಅವಳೇ ಶೂ ಡಬ್ಬ ಇಟ್ಟುಕೊಂಡು ಪಾಠ ಮಾಡಿದ್ದಾಳೆ. ಆದರೂ ದಿನಾ ಬೆಳಿಗ್ಗೆ ಬಿಸಿಲು ಎಳೆಯದಾಗಿರುವಾಗ ಗಾಲಿಕುರ್ಚಿಯಲ್ಲಿ ಅವಳನ್ನು ಕೆರೆಯ ದಂಡೆಗೆ ತಳ್ಳಿಕೊಂಡು ಹೋಗುತ್ತೇನೆ. ಕುರ್ಚಿ ಬಿಟ್ಟು ಏಳದವಳು ನಾನು, ಈಗ ಅವಳ ಕುರ್ಚಿ ತಳ್ಳುತ್ತೇನೆ. ಮುಖಕ್ಕೆ, ಕೈಗೆ, ಪಾದಕ್ಕೆ ಬಿಸಿಲು ಬೀಳುವ ಹಾಗೆ ತಿರುಗಿಸಿ ಇಡುತ್ತೇನೆ. ಅವಳಿಗೂ ಗೊತ್ತು, ಯಾಕೆಂದು. “ಅಜ್ಜಿ, ಇನ್ನೊಂದಷ್ಟು ದಿನ ಬರುತ್ತಾ?” ಎಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ. ನಾನು ಅವಳ ಪಾದ ತಿಕ್ಕುತ್ತಾ ಕೂರುತ್ತೇನೆ.

ನಾಳೆಯೂ ಬಿಸಿಲಿದೆಯೆಂದು ಮಗ ಪ್ರಶಾಂತ ಫೋನಿನಲ್ಲಿ ನೋಡಿ ಹೇಳಿದ.

ಇತಿ
ಶಾರದಮ್ಮ